ಹಕ್ಕಿಗಳ ಪಾಲಿನ ನೆಣ

ನಾಲ್ಕನೆಯ ಸಲವೂ ಲೈನು ಸಿಗದೆ ಹೋದಾಗ ಹಂಝ ಕಾರ್ಡನ್ನು ಹೊರಗೆಳೆದು, ಅಂಗಿಗೆ ಒರೆಸಿ, ಮತ್ತೆ ಫೋನಿನೊಳಗೆ ತೂರಿಸಿದ. ಅಂಗಿಯ ಮೇಲೆ ಬೆಳಗಿನ ರಕ್ತ ಒಣಗಿತ್ತು. ಕುರಿಯ ರಕ್ತ. ಬೂತಿನ ಹೊರಗೆ ಪೂವಪ್ಪ ನಿಂತಿದ್ದ. ಪಕ್ಕದ ಕೋಣೆಯಲ್ಲೇ ಇರುವ ಟೈಲರ್. ಕುತ್ತಿಗೆಯಲ್ಲಿದ್ದ ಅಳತೆಯ ಟೇಪನ್ನೂ ತೆಗೆಯದೆ ಅಂಗಡಿಯಿಂದ ಓಡಿ ಬಂದಿದ್ದ.

“ಸಿಕ್ಕಿತಾ?”

“ರಿಂಗ್ ಆಗ್ತಾ ಉಂಟು.”

ಫರಂಗಿಪೇಟೆಯಲ್ಲಿ ಫೋನೆತ್ತಿದವರು ಹೆರಾಲ್ಡ್ ಪೊರ್ಬುಗಳು. ಮಾಂಸದಂಗಡಿಯಲ್ಲಿ ಹಂಝನ ಜೊತೆಗಿದ್ದ ಮೂಸಬ್ಬನ ಊರಿನ ಮನೆಗೆ ಹತ್ತಿರದ ಫೋನು ಅವರದೊಂದೇ.

“ಮೂಸಾಕ ತೀರಿಹೋದ್ರು,” ಎಂದ ಹಂಝ. ದನಿ ತನ್ನದಲ್ಲ ಎನಿಸಿತು. “ಬೆಳಿಗ್ಗೆ. ಅಂಗಡಿಯಲ್ಲಿ. ಕುರಿಯನ್ನು ಕೊಕ್ಕೆಗೆ ಹಾಕ್ಲಿಕ್ಕೆ ಎತ್ತಿದ್ರು. ಎತ್ತಿದವರು ಹಾಗೇ ಕೂತ್ರು.”

ಆ ಕಡೆ ಪೊರ್ಬುಗಳು ಕುರ್ಚಿ ಸರಿಸಿ ಎದ್ದ ಸದ್ದು ಕೇಳಿಸಿತು. “ಅರ್ಧ ಗಂಟೆ ಬಿಟ್ಟು ಮಾಡು ಮಾರಾಯಾ. ನಾನೇ ಹೋಗಿ ಅವರನ್ನು ಕರ್ಕೊಂಡು ಬರ್ತೇನೆ.”

ಇಬ್ಬರೂ ಬೂತಿನ ಕಟ್ಟೆಯ ಮೇಲೆ ಕುಳಿತರು. ಡಿಸೆಂಬರಿನ ಬಿಸಿಲು ಸುಡುತ್ತಿರಲಿಲ್ಲ. ಮಸ್ಕತ್ತಿನಾಚೆಯ ಸುವೈಕ್ ಪೇಟೆಯಲ್ಲಿ ಮೀನಿನ ಪಿಕಪ್ಪುಗಳು ಎಂದಿನಂತೆ ಹಾರ್ನ್ ಹೊಡೆಯುತ್ತಾ ಹೋಗುತ್ತಿದ್ದವು. ಮಾಂಸದಂಗಡಿಯ ಮಾಲೀಕ ಖಲ್ಫಾನ್ ಹೆಲ್ತ್ ಸೆಂಟರಿನ ಕಾಗದ ಆಗಲೇ ತಂದಿದ್ದ. ಹೃದಯ ಎಂದು ಬರೆದಿತ್ತು. ಇಲ್ಲೇ ದಫನ ಮಾಡುವುದಾದರೆ ಇವತ್ತು ಸಂಜೆಯ ಅಸರ್ ನಮಾಜಿಗೆ ಮುಗಿಸಬಹುದು. ಊರಿಗೆ ಕಳಿಸುವುದಾದರೆ ಮಸ್ಕತ್ತಿನ ಶವಾಗಾರ, ಎಂಬೆಸಿ, ವಿಮಾನ, ನಾಲ್ಕೈದು ದಿನ. ಮನೆಯವರು ಏನು ಹೇಳುತ್ತಾರೋ ಅದು, ಖಲಾಸ್ ಎಂದಿದ್ದ.

“ಎಷ್ಟು ವರ್ಷ ಆಯ್ತು ಅವರು ಬಂದು?” ಪೂವಪ್ಪ ಕೇಳಿದ.

“ಎಂಬತ್ತೊಂದರಲ್ಲಿ ಬಂದದ್ದು. ಹದಿಮೂರು.”

“ಊರಿಗೆ ಹೋದದ್ದು?”

“ನಾಲ್ಕು ಸರ್ತಿ.”

ಎರಡನೆಯ ಕರೆಯಲ್ಲಿ ಮೊದಲು ಕೇಳಿಸಿದ್ದು ಮಗಳು ಆಯಿಶತ್‌ಳ ದನಿ. ಹದಿನೇಳರ ಹುಡುಗಿ. “ಹಂಝಾಕ, ಬಾಪನನ್ನು ಕಳಿಸಿ. ಎಷ್ಟು ದಿನ ಆದ್ರೂ ಅಡ್ಡಿಯಿಲ್ಲ. ನಾನು ಮುಖ ನೋಡ್ಬೇಕು. ಕಳಿಸ್ತೇನೆ ಅಂತ ಹೇಳಿ.”

ರಿಸೀವರ್ ಕೈ ಬದಲಾಯಿಸಿದ ಸದ್ದಾಯಿತು. ಈಗ ಮೂಸಬ್ಬನ ಹೆಂಡತಿ ಬೀಫಾತುಮ್ಮ.

“ಒಬ್ಬರೇ ಇದ್ರಾ?”

“ಇಲ್ಲ ಮಾಮಿ. ನಾನಿದ್ದೆ.”

“ಇವತ್ತು ಹಕ್ಕಿಗಳಿಗೆ ಹಾಕಿದ್ದಾರಾ?”

“ಹಾಕಿದ್ದಾರೆ. ಬೆಳಿಗ್ಗೆ ಹೊರಡುವ ಮೊದಲೇ.”

ಕಾರ್ಡಿನ ಅಂಕಿ ಇಳಿಯುತ್ತಾ ಇತ್ತು. ಆಕೆ ಅವಸರ ಮಾಡಲಿಲ್ಲ.

“ಅಲ್ಲೇ ಮಣ್ಣು ಮಾಡಿ.”

“ಉಮ್ಮಾ!” ಎಂದು ಹಿಂದಿನಿಂದ ಆಯಿಶತ್ ಕೂಗಿದ್ದು ಸ್ಪಷ್ಟವಾಗಿ ಕೇಳಿಸಿತು.

“ಮಾಂಸವನ್ನು ಐಸಿನಲ್ಲಿ ಇಟ್ಟು ಇಟ್ಟು ಅವರ ಬೆರಳು ಸೆಟೆದು ಹೋಗಿತ್ತು. ಈಗ ಅವರನ್ನೇ ಐದು ದಿನ ಐಸಿನಲ್ಲಿ ಇಡುದು ಬೇಡ. ಇವಳಿಗೆ ನಾನು ಹೇಳ್ತೇನೆ. ನೀನು ಹೋಗು, ಹೊತ್ತಾಗ್ತದೆ.”

*

ಮೂಸಬ್ಬ ಸುವೈಕ್‌ಗೆ ಬಂದ ಮೊದಲ ವರ್ಷ ಹಂಝನಿರಲಿಲ್ಲ, ಪೂವಪ್ಪನೂ ಇರಲಿಲ್ಲ. ಮಾಂಸದಂಗಡಿಯ ಹಿಂದಿನ ಓಣಿಯಲ್ಲಿ ಸಿಮೆಂಟಿನ ಎರಡು ಕೋಣೆ, ಹಿತ್ತಲಲ್ಲಿ ಒಂದು ಬೋರೆ ಮರ. ಅರಬ್ಬಿ ಬಾರದು, ಹಿಂದಿ ಅರೆಬರೆ. ಶುಕ್ರವಾರ ಮಧ್ಯಾಹ್ನ ಅಂಗಡಿ ಮುಚ್ಚಿದರೆ ಶನಿವಾರ ಬೆಳಗಿನವರೆಗೆ ಬಾಯಿ ತೆರೆಯುವ ಕೆಲಸವೇ ಇರಲಿಲ್ಲ.

ಆ ಚಳಿಗಾಲದಲ್ಲಿ ಒಂದು ದಿನ ತೊಳೆದ ಗೋಣಿಯನ್ನು ಕೊಂಬೆಗೆ ಒಣಗಲು ಹಾಕಿದ್ದ. ಬಿಳಿ ಕೆನ್ನೆಯ ಪಿಕಳಾರವೊಂದು ಅದರ ನೂಲಿನ ನಡುವೆ ಸಿಕ್ಕಿಕೊಂಡಿದ್ದ ನೆಣವನ್ನು ಕುಕ್ಕಿ ಕುಕ್ಕಿ ತಿಂದಿತು. ಅವನು ಬಾಗಿಲಲ್ಲಿ ನಿಂತಿದ್ದರೂ ಹಾರಲಿಲ್ಲ. ಮರುದಿನ ಕುರಿಯ ಮೂತ್ರಪಿಂಡದ ಸುತ್ತಲಿನ ಗಟ್ಟಿ ನೆಣವನ್ನು ಅಡಿಕೆ ಗಾತ್ರಕ್ಕೆ ಕತ್ತರಿಸಿ, ದಾರದಲ್ಲಿ ಪೋಣಿಸಿ ಕಟ್ಟಿದ. ಪಿಕಳಾರಗಳಿಗಿಂತ ಮೊದಲು ಕಾಗೆಗಳು ಬಂದವು. ಕಾಗೆಗಳು ಅದನ್ನು ಕಿತ್ತೊಯ್ದು ಪಕ್ಕದ ಮನೆಯ ಮಾಳಿಗೆಯಲ್ಲಿ, ಶಂಸಾ ಎಂಬ ಮುದುಕಿ ಒಣಗಲು ಹರಡಿದ್ದ ನಿಂಬೆಹಣ್ಣಿನ ಮೇಲೆ ಕೂತು ತಿಂದವು.

ಶಂಸಾ ನಿಂಬೆಯ ಬುಟ್ಟಿಯನ್ನೇ ಹೊತ್ತು ಬಂದಳು. ಅವಳು ಅರ್ಧ ಗಂಟೆ ಬೈದದ್ದರಲ್ಲಿ ಮೂಸಬ್ಬನಿಗೆ ಅರ್ಥವಾದದ್ದು ಒಂದೇ ಮಾತು: ಬುಲ್‌ಬುಲ್, ಎಂದರೆ ಪಿಕಳಾರ. ಅವನು ಮರದತ್ತ ಕೈ ತೋರಿಸಿ, “ಬುಲ್‌ಬುಲ್, ಬುಲ್‌ಬುಲ್” ಎಂದ. ಊರು ಬಿಟ್ಟ ಮೇಲೆ ಅವನು ಕೆಲಸಕ್ಕಲ್ಲದೆ ಯಾರೊಡನೆಯೋ ಆಡಿದ ಮೊದಲ ಮಾತು ಅದಾಗಿತ್ತು. ಮುದುಕಿ ಬೈಯುವುದನ್ನು ನಿಲ್ಲಿಸಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಬೆರಳುಗಳನ್ನು ಜಾಲರಿಯಂತೆ ಹೆಣೆದು ತೋರಿಸಿದಳು.

ಕೆಟ್ಟ ಟೇಬಲ್ ಫ್ಯಾನಿನ ಎರಡು ತಂತಿ ಮುಖಗಳನ್ನು ಸೇರಿಸಿ ಕಟ್ಟಿ ಅವನು ಪಂಜರ ಮಾಡಿದ. ಒಳಗೆ ನೆಣ. ಪಿಕಳಾರ ತಂತಿಗೆ ಜೋತುಬಿದ್ದು ತಿನ್ನುತ್ತಿತ್ತು. ಕಾಗೆಗೆ ಕೂರಲು ಕಾಲು ನಿಲ್ಲುತ್ತಿರಲಿಲ್ಲ. ಬೇಸಿಗೆಯಲ್ಲಿ ನೆಣ ಕರಗಿ ನಾರುತ್ತದೆಂದು ಏಪ್ರಿಲಿನಿಂದ ನಿಲ್ಲಿಸಿ ಬರಿ ಖರ್ಜೂರ ಇಡುತ್ತಿದ್ದ. ನವೆಂಬರಿನಲ್ಲಿ ಮತ್ತೆ ಶುರು. ನೆಣ ಕೇಳಿದ ಗಿರಾಕಿಗಳಿಗೆಲ್ಲ “ಇಲ್ಲ, ಮುಗೀತು” ಎಂದು ಸುಳ್ಳು ಹೇಳುತ್ತಿದ್ದ. ಅವನು ಸುಳ್ಳು ಹೇಳಿದ್ದನ್ನು ಹಂಝ ಕೇಳಿದ್ದು ಅದೊಂದೇ ವಿಷಯದಲ್ಲಿ.

*

ಹಿತ್ತಲಲ್ಲಿ ಹಗ್ಗ ಕಟ್ಟಿ ಬೆಡ್‌ಶೀಟು ಇಳಿಬಿಟ್ಟರು. ಮೂಸಬ್ಬನ ಮಯ್ಯತ್ತಿಗೆ ಸ್ನಾನ ಮಾಡಿಸಲು ಮಸೀದಿಯ ಇಮಾಮರು ಬಂದರು. ನೀರಿಗೆ ಬೋರೆಯ ಎಲೆ ಬೇಕೆಂದರು. ಹಂಝ ಮರದ ಕೆಳಗೆ ಹೋಗಿ ಕೊಂಬೆ ಬಗ್ಗಿಸಿದ. ಪಿಕಳಾರಗಳು ಚದುರಿ ಕಾಂಪೌಂಡಿನ ಮೇಲೆ ಕೂತವು. ಮುಳ್ಳು ತರಚಿ ಬೆರಳಲ್ಲಿ ರಕ್ತ ಬಂದದ್ದು ಅವನಿಗೆ ಗೊತ್ತಾಗಲಿಲ್ಲ. ಶಂಸಾ ಅವನ ಕೈಯಿಂದ ಎಲೆಗಳನ್ನು ಕಸಿದುಕೊಂಡು, “ಹಾತ್, ಹಾತ್,” ಕೊಡಿಲ್ಲಿ ಎನ್ನುತ್ತಾ ತನ್ನ ಮನೆಗೆ ಒಯ್ದಳು. ಅರೆದ ಎಲೆಯನ್ನು ಬೋಗುಣಿಯಲ್ಲಿ ತಂದು ಬೆಡ್‌ಶೀಟಿನ ಆಚೆಯಿಂದಲೇ ಕೊಟ್ಟಳು.

ಹಂಝ ನೀರು ಹೊಯ್ದ. ಇಮಾಮರು ಉಜ್ಜಿದರು. ಎಡಗೈಯ ತೋರುಬೆರಳಿನ ತುದಿ ಚೂರು ಇರಲಿಲ್ಲ. ಎಂಬತ್ತಾರರಲ್ಲಿ ಕತ್ತಿಗೆ ಹೋದದ್ದು. ಉಗುರುಗಳ ಸಂದಿಯಲ್ಲಿ ನೆಣ ಹಳದಿಯಾಗಿ ಕೂತಿತ್ತು. ಇಮಾಮರು ಕಡ್ಡಿ ಹಿಡಿದು ತೆಗೆಯಲು ನೋಡಿದರು.

“ಇದು ಹೋಗುವುದಿಲ್ಲ,” ಎಂದು ಹಂಝ ಹಿಂದಿಯಲ್ಲಿ ಹೇಳಿದ. “ಹೋಗುವುದೇ ಇಲ್ಲ. ನನ್ನದೂ ಹೀಗೇ.” ತನ್ನ ಕೈಯನ್ನು ಚಾಚಿ ತೋರಿಸಿದ. ಇಮಾಮರು ಅವನ ಮುಖ ನೋಡಿ, ಮತ್ತೊಂದು ಚೊಂಬು ನೀರಿಗೆ ಸನ್ನೆ ಮಾಡಿದರು.

*

ತೊಂಬತ್ತರಲ್ಲಿ ಮೂಸಬ್ಬ ರಜೆಗೆ ಹೋದಾಗ ಬೀಫಾತುಮ್ಮ ಕೇಳಿದ್ದಳಂತೆ: “ಅಲ್ಲಿ ಕೆಲಸ ಮುಗಿದ ಮೇಲೆ ಎಂತ ಮಾಡ್ತೀರಿ?” ಅವನು ಹಕ್ಕಿಗಳ ಸುದ್ದಿ ಶುರು ಮಾಡಿದ. ಯಾವುದು ಮೊದಲು ಬರುತ್ತದೆ, ಯಾವುದು ಇನ್ನೊಂದನ್ನು ಓಡಿಸುತ್ತದೆ, ಕಾಲು ಮುರಿದ ಒಂದು ಹೇಗೆ ರೆಕ್ಕೆ ಬಡಿಯುತ್ತಲೇ ತಿನ್ನುತ್ತದೆ. ಆಕೆ ಅಕ್ಕಿ ಆರಿಸುವುದನ್ನು ನಿಲ್ಲಿಸಿ ಕೇಳಿಸಿಕೊಂಡಳು.

“ಮತ್ತೆ?”

“ಮತ್ತೆ ಎಂತ ಇಲ್ಲ.”

“ಒಂಬತ್ತು ವರ್ಷ ಇದೇನಾ?”

“ಹೌದು.”

ಇದನ್ನು ಹಿಂದೆ ಬಂದ ಮೇಲೆ ಮೂಸಬ್ಬನೇ ಹಂಝನಿಗೆ ಹೇಳಿದ್ದು. “ಅವಳು ಅತ್ತಳು ಮಾರಾಯಾ,” ಎಂದಿದ್ದ. “ನಾನು ನಗಾಡ್ತಾಳೆ ಅಂತ ಹೇಳಿದ್ದು.” ಆಮೇಲೆ ಮಾತು ರೆಕಾರ್ಡ್ ಮಾಡಿ ಊರಿಗೆ ಕಳಿಸುವ ಕ್ಯಾಸೆಟ್ಟುಗಳಲ್ಲಿ ಅವನು ಆಗಾಗ ಬರುತ್ತಿದ್ದ ಎದೆನೋವಿನ ವಿಷಯ ಒಮ್ಮೆಯೂ ಹೇಳಲಿಲ್ಲ. ಹಕ್ಕಿಗಳ ವಿಷಯವನ್ನು ಮಾತ್ರ ಬಿಡದೆ ಹೇಳಿದ.

*

ಕಬರಸ್ತಾನದ ನೆಲ ಬರಿ ಜಲ್ಲಿ. ಅಗೆದವರು ಬೆವರಿದ್ದರು. ಖಲ್ಫಾನ್ ತಾನೇ ಗುಂಡಿಗಿಳಿದು ಭುಜ ಹಿಡಿದ. ಹಂಝ ಕಾಲು ಹಿಡಿದ. ಎಲ್ಲರೂ ಮೂರು ಮೂರು ಹಿಡಿ ಮಣ್ಣು ಹಾಕಿದರು. ಹೆಸರಿಲ್ಲದ ಒಂದು ಕಲ್ಲು ನಿಲ್ಲಿಸಿದರು. ಪೂವಪ್ಪ ಗೋಡೆಯ ಹೊರಗೆ ನಿಂತಿದ್ದವನು, “ನಾನೂ ಒಂದು ಹಿಡಿ ಹಾಕಬಹುದಾ?” ಎಂದು ಖಲ್ಫಾನನನ್ನೇ ಕೇಳಿದ. ಖಲ್ಫಾನ್ ಅವನ ಕೈ ಹಿಡಿದು ಒಳಗೆ ಕರೆತಂದ.

ಹಿಂದೆ ಬರುವಾಗ ಪಿಕಪ್ಪಿನಲ್ಲಿ ಖಲ್ಫಾನ್ ಹೇಳಿದ: “ನಾಳೆ ರಜೆ ತಗೋ.”

“ಬೇಡ,” ಎಂದ ಹಂಝ. “ನಾಳೆ ಮದುವೆಯ ಆರ್ಡರ್ ಉಂಟು. ಆರು ಕುರಿ.”

“ಅಳು ಬಂದ್ರೆ ಅತ್ತುಬಿಡು ಹಂಝ,” ಎಂದು ಪೂವಪ್ಪ ಮೆಲ್ಲನೆ ಕನ್ನಡದಲ್ಲಿ ಹೇಳಿದ.

“ಬರುದಿಲ್ಲ.”

ಕೋಣೆಯ ಮುಂಬಾಗಿಲು ತೆರೆದೇ ಇತ್ತು. ಬೆಡ್‌ಶೀಟು ಬಿಚ್ಚಿ ಮಡಚಲೆಂದು ಹಂಝ ಹಿತ್ತಲಿಗೆ ಹೋದ. ಶಂಸಾ ಮೆಟ್ಟಿಲ ಮೇಲೆ ಕುಳಿತಿದ್ದಳು. ಅವನು ಕಾಲಿಡುವ ಮೊದಲೇ ಕೈಯೆತ್ತಿ ತಡೆದಳು, ತುಟಿಯ ಮೇಲೆ ಬೆರಳಿಟ್ಟಳು.

ಸ್ನಾನದ ನೀರು ಮರದ ಬುಡದ ತಗ್ಗಿನಲ್ಲಿ ಇನ್ನೂ ಇಂಗದೆ ನಿಂತಿತ್ತು. ಮೇಲೆ ಎಲೆಯ ಹಸಿರು ಚೂರುಗಳು ತೇಲುತ್ತಿದ್ದವು. ಐದಾರು ಪಿಕಳಾರಗಳು ಅದರಲ್ಲಿಳಿದು, ಎದೆಯವರೆಗೆ ಮುಳುಗಿ, ರೆಕ್ಕೆ ಬಡಿದು ಮೀಯುತ್ತಿದ್ದವು.