ಆಸಿಡ್ ಮುಗಿದ ಮೇಲೆ ನಾಮಕರಣ

೨೦೦೨ರಲ್ಲಿ ನಮಗೆ ಮಗಳು ಹುಟ್ಟಿದಳು. ಎಣ್ಣೆ ಕಂಪನಿಯಲ್ಲಿ ಇಂಜಿನಿಯರಾಗಿದ್ದ ನನ್ನ ಗಂಡ ಮಧುಸೂದನನ ಗಮನವೆಲ್ಲ ಮುಂಬಯಿಯಾಚೆ ಸಮುದ್ರದ ತಳದಲ್ಲಿದ್ದ ಒಂದು ಮುದಿ ಎಣ್ಣೆಬಾವಿಯ ಮೇಲೆ. ವರ್ಷಗಟ್ಟಲೆ ಎಣ್ಣೆ ಕೊಟ್ಟು ಎಣ್ಣೆ ಒಳಬರುವ ಕಂಡಿಗಳಲ್ಲಿ ಸುಣ್ಣ ಕಟ್ಟಿತ್ತಂತೆ, ನಮ್ಮ ಬಚ್ಚಲ ಹಂಡೆಯಲ್ಲಿ ಕಟ್ಟುವ ಹಾಗೆ. ಹಡಗಿನಿಂದ ಕೊಳವೆ ಇಳಿಸಿ ಆಸಿಡ್ ಬಿಟ್ಟರೆ ಸುಣ್ಣ ಕರಗಿ ಎಣ್ಣೆ ಮತ್ತೆ ಬರುತ್ತದಂತೆ. ಆದರೆ ಅಲೆ ತಗ್ಗದೆ ಕೊಳವೆ ಇಳಿಸುವಂತಿಲ್ಲ, ಕೆಲಸ ಮುಗಿಯದೆ ಅವನು ಹಡಗು ಬಿಟ್ಟು ಬರುವಂತಿಲ್ಲ. ಹೀಗೆ ನಾಮಕರಣ ಎರಡು ಸಲ ಮುಂದೆ ಹೋಯಿತು. ಜನ್ನಾಪುರದ ಅತ್ತೆಮನೆಯಲ್ಲಿ ಎಲ್ಲರಿಗೂ ಉತ್ತರ ಕೊಟ್ಟು ನನ್ನ ತಲೆ ಚಿಟ್ಟುಹಿಡಿದಿತ್ತು.

"ನಮ್ಮ ಕೆಲಸದ ಮಾಸ್ತಮ್ಮ ಬಚ್ಚಲಿಗೆ ಆಸಿಡ್ ಹಾಕಿ ಹತ್ತು ನಿಮಿಷಕ್ಕೆ ತೊಳೆದು ಹೋಗ್ತಾಳೆ. ಇವನಿಗೇನು ತಿಂಗಳುಗಟ್ಟಲೆ ಬೇಕಾ?" ಎಂದರು ಅತ್ತೆ.

ಅತ್ತೆಗೆ ಮಗುವಿಗೆ ತಮ್ಮ ತಾಯಿಯ ಹೆಸರು ಇಡಬೇಕು, ಸತ್ಯಭಾಮಾ ಎಂದು. ನನಗೆ ಶರಣ್ಯಾ ಬೇಕು. ಹುಟ್ಟಿದಾಗಿನಿಂದ ನಾನು ಹಾಗೇ ಕರೆಯುತ್ತಿದ್ದೆ, ಮಧುವೂ ಒಪ್ಪಿದ್ದ. ಆದರೆ ಹೆಸರನ್ನು ಮಗುವಿನ ಕಿವಿಯಲ್ಲಿ ಹೇಳಬೇಕಾದವನು ಅಪ್ಪ. ಅವನಿಲ್ಲದಿದ್ದರೆ ಅಜ್ಜ. ನಮ್ಮ ಮಾವನವರೋ, ಅತ್ತೆ ಹೇಳಿಕೊಟ್ಟಿದ್ದನ್ನೇ ಹೇಳುವವರು.

ಮೂರನೆಯ ಮುಹೂರ್ತಕ್ಕೂ ಅವನು ಬರಲಿಲ್ಲ. "ಸರಿಯಾದ ಹೊತ್ತಿಗೆ ಹಡಗಿಂದ ಫೋನ್ ಮಾಡ್ತೀನಿ ವೇದಾ. ರಿಸೀವರ್ ಮಗು ಕಿವಿಗೆ ಹಿಡಿ, ಹೆಸರು ಹೇಳ್ತೀನಿ" ಎಂದಿದ್ದ. ಪುರೋಹಿತರು ಮೂಗು ಮುರಿದೇ ಒಪ್ಪಿದರು. ತೊಟ್ಟಿಲನ್ನು ಫೋನಿನ ಪಕ್ಕಕ್ಕೆ ಸರಿಸಿದೆವು. ಶಿವಮೊಗ್ಗದಿಂದ ಬಂದಿದ್ದ ನನ್ನ ತವರಿನವರು ಸುತ್ತ ನಿಂತು ನೋಡುತ್ತಿದ್ದರು.

ಫೋನ್ ಬಂತು. ನಾನು ಮಾತಾಡದೆ ರಿಸೀವರನ್ನು ಮಗುವಿನ ಬಲಗಿವಿಗೆ ಹಿಡಿದೆ.

"ವೇದಾ! ಆಸಿಡ್ ಕೆಲಸ ಮಾಡ್ತು ಮಾರಾಯ್ತಿ! ಬಾವಿ ಬಿಟ್ಕೊಳ್ತು! ಮೊದಲಿಗಿಂತ ಡಬಲ್ ಎಣ್ಣೆ ಬರ್ತಿದೆ!"

ಮನೆಗೆಲ್ಲ ಕೇಳುವ ಹಾಗೆ ಕಿರುಚಿದ. ಮಗು ಬೆಚ್ಚಿಬಿದ್ದು ಅಳತೊಡಗಿತು.

"ಅದ್ಯಾರು ಅಳ್ತಿರೋದು?" ಎಂದು ಕೇಳಿದ.

ನನಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ದಿನ ಕಾದಿದ್ದಕ್ಕೆ ನಾಚಿಕೆಯೂ ಆಯಿತು.

"ಮುಹೂರ್ತ ಮೀರ್ತಿದೆ" ಎಂದರು ಪುರೋಹಿತರು.

"ರೀ, ನೀವೇ ಹೇಳಿಬಿಡಿ" ಎಂದು ಅತ್ತೆ ಮಾವನವರನ್ನು ಮುಂದೆ ತಳ್ಳಿದರು.

ಮಾವ ಬಗ್ಗುವಷ್ಟರಲ್ಲಿ ನಾನು ರಿಸೀವರ್ ಕುಕ್ಕಿ ಮಗುವನ್ನು ಎತ್ತಿಕೊಂಡೆ. ಅವಳ ಕಿವಿಗೆ ಬಾಯಿಟ್ಟು "ಶರಣ್ಯಾ" ಎಂದೆ. ಅಳುವಿನಲ್ಲಿ ಕೇಳಿಸಿತೋ ಇಲ್ಲವೋ ಎಂದು ಮತ್ತೆ ಹೇಳಿದೆ.

"ಅಪ್ಪ ಹೇಳಬೇಕಾದ್ದಮ್ಮ ಅದು" ಎಂದರು ಪುರೋಹಿತರು.

"ಅಪ್ಪ ಹೇಳಿದ್ದು ನೀವೂ ಕೇಳಿದ್ರಲ್ಲ. ಅದನ್ನೇ ಇಡೋಣ್ವಾ?"

ಪುರೋಹಿತರು ಹೆಸರು ಬರೆಯುವ ಅಕ್ಕಿಯ ತಟ್ಟೆಯನ್ನು ನನ್ನ ಕಡೆಗೆ ಸರಿಸಿದರು.