ಕಡಲೆ ಹೊಲದಲ್ಲಿ ಹೆಬ್ಬಾತು

ಕಲ್ಲಲ್ಲ, ಅಲುಗಾಡಿತು — ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ, ಹಾಗಾದರೆ ಹೆಬ್ಬಾತೇ, ಪಕ್ಕದಲ್ಲಿ ಇನ್ನೊಂದು, ಮಂಜು ಸರಿದಂತೆ ಇನ್ನೂ ಹತ್ತು, ನಲವತ್ತೊಂದು, ಅಲ್ಲ, ನಲವತ್ತಮೂರು, ದುರ್ಬೀನಿನ ಗಾಜು ನನ್ನ ಉಸಿರಿಗೇ ಮಬ್ಬಾಗುತ್ತದೆ, ವೇಲಿನಿಂದ ಒರೆಸಿ ಮತ್ತೆ ಮೊದಲಿನಿಂದ ಎಣಿಸುತ್ತೇನೆ. ಆರು ವರ್ಷದಿಂದ ಭಾನುವಾರ ತಪ್ಪದೆ ಗಂಡಸಿಯಾಚೆಯ ಈ ಕೆರೆ ಏರಿಗೆ ಬರುತ್ತಿದ್ದೇನೆ, ಬೇಸಿಗೆಯಲ್ಲಿ ಒಣಗಿದ ಕೆರೆಯಂಗಳದಲ್ಲಿ ಟಿಟ್ಟಿಭದ ನಾಲ್ಕು ಮೊಟ್ಟೆ, ಮಳೆಗಾಲದಲ್ಲಿ ತಾವರೆ ಎಲೆಯ ಮೇಲೆ ಓಡಾಡುವ ದೇವನಕ್ಕಿ, ದೀಪಾವಳಿ ಕಳೆದ ಮೇಲೆ ಸಣ್ಣ ಬಾತುಗಳು, ಹೆಬ್ಬಾತು ಮಾತ್ರ ಇದೇ ಮೊದಲು, ಹಿಮಾಲಯದಾಚೆಯಿಂದ ಹಾರಿ ಬಂದು ಇಳಿದದ್ದಾದರೂ ಎಲ್ಲಿ, ನನ್ನ ಅಣ್ಣ ಲೋಕೇಶನ ಕಡಲೆಯಲ್ಲಿ. ಅಣ್ಣನದು ಅನ್ನಬಹುದೇ, ಕೆರೆಯಂಗಳ ಸರ್ಕಾರದ್ದು, ನೀರು ಹಿಂದೆ ಸರಿದ ಹಾಗೆ ಅಪ್ಪ ಬಿತ್ತುತ್ತಿದ್ದ, ಈಗ ಅಣ್ಣ ಬಿತ್ತುತ್ತಾನೆ, ನಾನು ಓದಿದ್ದು, ಅರಸೀಕೆರೆಯಲ್ಲಿ ಟೀಚರ್ ಆದದ್ದು, ಎಲ್ಲ ಇದೇ ಕಡಲೆಯಿಂದ. ಹೋದ ವಾರ ಅರಣ್ಯ ಇಲಾಖೆಯ ವಾಚರ್ ಇಂದ್ರೇಶ್ ಹೇಳಿದರು, ಮೇಡಂ, ಬರೋ ಭಾನುವಾರದ ಹಕ್ಕಿ ಗಣತೀಲಿ ಹೆಬ್ಬಾತು ಸಿಕ್ಬಿಟ್ರೆ ಪಕ್ಷಿಧಾಮ ಆಗೋದು ಗ್ಯಾರಂಟಿ ಕಣ್ರೀ, ಆಮ್ಯಾಕೆ ಅಂಗಳದಾಗೆ ಯಾರೂ ಉಳೋ ಹಂಗಿಲ್ಲ. ಪಕ್ಷಿಧಾಮ ಮಾಡಿ ಎಂದು ಅರ್ಜಿ ಬರೆದವಳು ನಾನೇ. ನಿನ್ನೆ ಊಟಕ್ಕೆ ಕೂತಾಗ ಅಣ್ಣ, ನಿನ್ ಹಕ್ಕಿಗೆ ಬಿಟ್ಕೊಟ್ಟು ನಾನೆಲ್ಲಿ ಬಿತ್ಲಿ ದಿವ್ಯಾ, ನೀನೇ ಹೇಳು ಅಂದ, ಕೋಪದಿಂದಲ್ಲ, ನಿಜವಾಗಿಯೂ ಕೇಳುವ ಹಾಗೆ, ನಾನು ಮಜ್ಜಿಗೆ ಬಡಿಸಿದೆ.

ಏರಿಯ ಕೆಳಗೆ ಬೈಕ್ ನಿಂತ ಸದ್ದು, ಗಣತಿಗೆ ಬಂದ ಇಂದ್ರೇಶ್, ಅವರಿನ್ನೂ ಮೇಲೆ ಹತ್ತಿ ಬರಬೇಕು, ಅಷ್ಟರಲ್ಲಿ — ನಾನು ಎದ್ದು ನಿಂತಿದ್ದೇನೆ, ಚಪ್ಪಾಳೆ ತಟ್ಟಿದ್ದು ಯಾರು, ಅಂಗೈ ಉರಿಯುತ್ತಿದೆ, ಹೋ ಎಂದು ಕೂಗಿದ್ದೂ ನಾನೇ, ಇಡೀ ಹಿಂಡು ಒಮ್ಮೆಗೇ ಎದ್ದು ತೆಂಗಿನ ತೋಟದ ಮೇಲೆ ಹಾದು ಮಂಜಿನೊಳಗೆ ಹೋಯಿತು, ಅಣ್ಣನ ಹೊಲ ಉಳಿಯಿತು, ಇಲ್ಲ, ನಾನು ಆರು ವರ್ಷ ಕಾದದ್ದು ಹೋಯಿತು, ಎರಡೂ ಒಟ್ಟಿಗೆ ಹೇಗೆ, ಯಾವುದಕ್ಕೆ ಈ ಅಳು. ಏನೋ ಎದ್ದಂಗಾಯ್ತಲ್ಲ ಮೇಡಂ ಅನ್ನುತ್ತ ಇಂದ್ರೇಶ್ ಪಕ್ಕ ಬಂದು ಗಣತಿಯ ಹಾಳೆ ತೆಗೆದರು, ಬಕ ಅಂದೆ, ಬಕ ಇರಬೇಕು. ಹೇಳುವಾಗಲೇ ಕಂಡಿತು, ಒಂದು ಹೋಗಿಲ್ಲ. ಎಡ ರೆಕ್ಕೆ ಜೋತುಬಿದ್ದಿದೆ, ಕಡಲೆ ಸಾಲಿನ ನಡುವೆ ನಿಂತು, ಉಳಿದವು ಹೋದ ದಿಕ್ಕಿಗೆ ಕತ್ತು ಚಾಚಿದೆ, ರೆಕ್ಕೆಗೆ ಪೆಟ್ಟಾದದ್ದು ಮೊದಲೋ, ಈಗಲೋ, ಗಾಬರಿಯಿಂದ ಏಳುವಾಗ ಒಂದಕ್ಕೊಂದು ಬಡಿದುಕೊಂಡವೋ, ಹಾಗಾದರೆ ನನ್ನಿಂದಲೇ — ಏನೇನು ಬರ್ಕಳ್ಳಿ ಮೇಡಂ, ಇಂದ್ರೇಶ್ ಹಾಳೆ ನೋಡುತ್ತಿದ್ದಾರೆ, ಹೊಲ ನೋಡಿಲ್ಲ, ಇನ್ನೊಂದು ಸುಳ್ಳು ಸಾಕು, ಮುಗಿಯುತ್ತದೆ, ಚಾಚಿದ ಕತ್ತು, ಹೆಬ್ಬಾತು ಅಂದೆ, ನಲವತ್ತಮೂರು, ನಾನೇ ಎಬ್ಬಿಸಿದೆ, ಬರೆದುಕೊಳ್ಳಿ, ಅವರು ಏನೋ ಕೇಳುತ್ತಿದ್ದಾರೆ, ಅಣ್ಣನಿಗೆ ನಾನು ಏನೆಂದು, ಕೂಗುವುದೂ ಇಲ್ಲ ಅದು, ಚಾಚಿದ ಕತ್ತು, ಮಂಜಿನ ಕಡೆಗೆ, ಚಾಚಿದ ಕತ್ತು