ಉಗುರುಬಣ್ಣದ ಬೊಟ್ಟು

ಬೆಸುಗೆ ಹಾಕುವಾಗ ಏಳುವ ರಾಳದ ಹೊಗೆ ಅವನ ಪಾಲಿಗೆ ಅಪ್ಪನ ಅಂಗಿಯ ವಾಸನೆ. ಅಪ್ಪ ರೇಡಿಯೋ ರಿಪೇರಿ ಮುಗಿಸಿ ಬಂದು ಎತ್ತಿಕೊಂಡರೆ ಆ ಸಿಹಿಗಂಪಿನಲ್ಲಿ ಮುಖ ಹುದುಗಿಸಿ ಹಾಗೇ ನಿದ್ದೆಹೋಗುತ್ತಿದ್ದ. ದೊಡ್ಡವನಾದ ಮೇಲೆ ಅದೇ ಕಸುಬು ಕೈಹಿಡಿಯಿತು. ಅಷ್ಟರಲ್ಲಿ ರೇಡಿಯೋಗಳ ಕಾಲ ಮುಗಿದು, ಟಿವಿಗೆ ಸಿಕ್ಕಿಸಿ ಆಡುವ ಗೇಮ್ ಕನ್ಸೋಲ್‌ಗಳು ಬಂದಿದ್ದವು.

ರಿಪೇರಿಯಾದ ಪ್ರತಿ ಕನ್ಸೋಲ್‌ನ ಒಳಗೂ, ಮೂಲೆಯ ಸ್ಕ್ರೂ ತಲೆಯ ಮೇಲೆ, ಅಕ್ಕನ ಕೆಂಪು ಉಗುರುಬಣ್ಣದಿಂದ ಒಂದು ಬೊಟ್ಟು ಇಡುವುದು ಅವನ ರೂಢಿ. ಮತ್ತೆ ಕೆಟ್ಟು ಬಂದರೆ ಅದು ತನ್ನ ಕೈಯದೆಂದು ಗೊತ್ತಾಗಬೇಕು, ಗಿರಾಕಿಯ ಹತ್ತಿರ ಎರಡನೇ ಸಲ ಏನೂ ತೆಗೆದುಕೊಳ್ಳಬಾರದು, ಅಷ್ಟೇ. ಗಲ್ಲಾದಲ್ಲಿ ಕೂರುತ್ತಿದ್ದ ಅಕ್ಕ, "ನನ್ನ ಬೆರಳಿಗೆ ಗತಿಯಿಲ್ಲ, ನಿನ್ನ ಡಬ್ಬಗಳಿಗೆ ದಿನಾ ಸಿಂಗಾರ," ಎಂದು ಗೊಣಗುತ್ತಲೇ ಹೊಸ ಶೀಶೆ ತಂದಿಡುತ್ತಿದ್ದಳು.

ಅವನೇನು ಪೂರಾ ಸಾಚಾ ಅಲ್ಲ. ಮೊದಮೊದಲು ಕೇಳಿದವರಿಗೆ, ನಕಲಿ ಡಿಸ್ಕೂ ಓಡುವಂತೆ ಒಳಗೊಂದು ಚಿಪ್ ಕೂರಿಸಿಕೊಟ್ಟಿದ್ದ. ಅಕ್ಕ ಬೈದ ಮೇಲೆ ಬಿಟ್ಟ. ಆದರೆ ಆ ಡಬ್ಬಗಳಲ್ಲೂ ಇದ್ದದ್ದು ಅದೇ ಬೊಟ್ಟು.

ಕನ್ಸೋಲ್ ತಯಾರಿಸುವ ಕಂಪನಿಯವರು ದಾವೆ ಹೂಡಿದಾಗ ಅಂಗಡಿಯಲ್ಲಿದ್ದ ಕನ್ಸೋಲ್‌ಗಳನ್ನೆಲ್ಲ ಜಪ್ತಿ ಮಾಡಿಸಿದರು. ಹೊರಗಿನಿಂದಲೂ ಒಂದಷ್ಟು ಹುಡುಕಿ ತಂದು ಬಿಚ್ಚಿಸಿದರು. ಚಿಪ್ ಸಿಕ್ಕಿದ್ದರಲ್ಲೆಲ್ಲ ಕೆಂಪು ಬೊಟ್ಟು. ಹಾಗಾದರೆ ಬೊಟ್ಟಿದ್ದದ್ದೆಲ್ಲ ಕಳ್ಳಮಾಲು ಎಂಬುದು ಅವರ ವಾದ.

"ಬೊಟ್ಟು ನಿಮ್ಮದು ಅಂತ ಒಪ್ಕೊಂಡ್ರೋ, ಕೆಟ್ರಿ. ಗೊತ್ತಿಲ್ಲ ಅನ್ನಿ, ಸಾಕು," ಎಂದು ಅವನ ವಕೀಲರು ಬಾಯಿಪಾಠ ಮಾಡಿಸಿದ್ದರು. ಅವನೂ ಹೂಂಗುಟ್ಟಿದ್ದ. ಆದರೆ ಕಟಕಟೆಯಲ್ಲಿ ನಿಂತಾಗ ಬಿಚ್ಚಿದ ಕನ್ಸೋಲ್ ಒಂದನ್ನು ಅವನ ಮುಂದಿಟ್ಟರು. ಒಳಗೆ ಮುತ್ತು ಪೋಣಿಸಿದ ಹಾಗೆ ಅವನ ಬೆಸುಗೆ. ಇದು ಯಾರ ಕೆಲಸ ಎಂದು ನ್ಯಾಯಾಧೀಶರು ಕೇಳಿದರು.

"ನಂದೇ ಸ್ವಾಮಿ," ಎಂದುಬಿಟ್ಟ. "ಇಷ್ಟು ಚೊಕ್ಕವಾಗಿ ಇನ್ಯಾರು ಮಾಡ್ತಾರೆ?"

ಅವನ ವಕೀಲರು ಕಣ್ಣು ಮುಚ್ಚಿಕೊಂಡರು.

ಮುಕ್ಕಾಲು ಪಾಲು ಡಬ್ಬಗಳಲ್ಲಿ ತಾನು ಫ್ಯಾನಿನ ಧೂಳು ತೆಗೆದದ್ದಷ್ಟೇ ಎಂದು ಆಮೇಲೆ ಬಡಬಡಿಸಿದ. ಕಂಪನಿಯ ವಕೀಲೆ ದನಿ ಏರಿಸದೆ ಕೇಳಿದರು: "ಧೂಳು ತೆಗೆದಿದ್ದಕ್ಕೆ ಒಂದು ಬಣ್ಣ, ಚಿಪ್ ಹಾಕಿದ್ದಕ್ಕೆ ಒಂದು ಬಣ್ಣ, ಹಾಗೇನಾದ್ರೂ ಇತ್ತಾ?"

ಇರಲಿಲ್ಲ. ಎಲ್ಲಕ್ಕೂ ಒಂದೇ ಶೀಶೆ. ಪ್ರತಿಯೊಂದರಲ್ಲೂ ಚಿಪ್ ಇದೆಯೇ ಎಂದು ನೋಡುವ ಅಗತ್ಯ ಕೋರ್ಟಿಗೆ ಕಾಣಲಿಲ್ಲ.

ಅಂಗಡಿಗೆ ಬೀಗಮುದ್ರೆ, ಸಲಕರಣೆಗಳ ಜಪ್ತಿ. ಜೊತೆಗೆ, ಅವನು ಇನ್ನೆಂದೂ ಯಾವ ಎಲೆಕ್ಟ್ರಾನಿಕ್ ಯಂತ್ರವನ್ನೂ ರಿಪೇರಿಗೆಂದು ಬಿಚ್ಚಕೂಡದೆಂಬ ಆಜ್ಞೆ. ಮೇಲ್ಮನವಿ ಹಾಕಬಹುದು ಎಂದು ವಕೀಲರು ಹೇಳಿದರೇನೋ ನಿಜ. ಕೈಬಿಟ್ಟ ರೋಗಿಯ ಮನೆಯವರಿಗೆ ಡಾಕ್ಟರು ಹೇಳುವ ಧಾಟಿಯಲ್ಲಿ.

ಬೀಗ ಹಾಕಲು ಕೋರ್ಟಿನ ಅಮೀನರು ಬಂದಾಗ ಅವನು ಪಕ್ಕದಂಗಡಿ ದರ್ಜಿಯ ಇಸ್ತ್ರಿಪೆಟ್ಟಿಗೆಗೆ ತಂತಿ ಬೆಸೆಯುತ್ತಿದ್ದ. ಅಮೀನರು ಬಾಗಿಲಲ್ಲೇ ನಿಂತು, ಅದು ಮುಗಿಯುವ ತನಕ ಬೀದಿಯ ಕಡೆ ನೋಡುತ್ತಿದ್ದರು. ಆಮೇಲೆ ಒಳಗೆ ಬಂದು ಇಕ್ಕಳ, ಸ್ಕ್ರೂಡ್ರೈವರ್‌ಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡರು. ಬೆಸುಗೆ ಕಡ್ಡಿ ಮಾತ್ರ ಕೆಂಡದಂತೆ ಕಾದಿತ್ತು.

"ಆರಲಿ ಬಿಡಿ," ಎಂದು ಸ್ಟೂಲ್ ಎಳೆದುಕೊಂಡು ಕೂತರು. "ನನಗೇನೂ ಆತುರ ಇಲ್ಲ."

ಅಕ್ಕ ಗಲ್ಲಾ ಒರೆಸುತ್ತಲೇ ಕೇಳಿದಳು. "ನಾಳೆಯಿಂದ ಏನು ಮಾಡ್ತೀಯೋ?"

"ಗೊತ್ತಿಲ್ಲಕ್ಕಾ. ಈ ಕೈಗೆ ಬೇರೇನೂ ಬರಲ್ಲ."

ಅವಳು ಒರೆಸಿದ ಜಾಗವನ್ನೇ ಮತ್ತೆ ಒರೆಸಿದಳು. ಮೇಜಿನ ಕೆಳಗೆ ಕೈ ಇಟ್ಟುಕೊಂಡರೂ ಅವನಿಗೆ ನೆಮ್ಮದಿಯಿಲ್ಲ, ಮೇಲಿಟ್ಟರೂ ಇಲ್ಲ. ಕಡ್ಡಿ ನಿಧಾನವಾಗಿ ಆರುತ್ತಿತ್ತು. ಅಮೀನರು ತಮ್ಮ ಬುತ್ತಿಯ ಡಬ್ಬಿ ಬಿಚ್ಚಿ, ಅನ್ನವನ್ನು ಎರಡು ಪಾಲು ಮಾಡಿ, ದೊಡ್ಡ ಪಾಲನ್ನು ಮುಚ್ಚಳಕ್ಕೆ ಹಾಕಿದರು. ಅವನ ಮುಖ ನೋಡದೆ, ಮೇಜಿನ ಮೇಲೆ ಅವನತ್ತ ಸರಿಸಿದರು.